ತಲೆಗೆ ನೀರು ಹಾಕಿಕೊಂಡ ದಿನ ಬರುವ ಮೂರ್ಛೆ

ಫಿಟ್ಸ್ ಬಂತೆಂದು ಹಳೆ ಮೈಸೂರಿನ ಕಡೆಯವರು ಬೆಂಗಳೂರಿನ ನರರೋಗ ವೈದ್ಯರ ಮುಂದೆ ಕೂತರೆ, ಒಂದು ಪ್ರಶ್ನೆ ಬಂದೇ ಬರುತ್ತದೆ: ‘ತಲೆಗೆ ನೀರು ಹಾಕ್ಕೊಳ್ಳುವಾಗ ಬಂತಾ?’ ತಲೆಗೆ ಪೆಟ್ಟು ಬಿದ್ದಿತ್ತೇ, ಚಿಕ್ಕಂದಿನಲ್ಲಿ ಜ್ವರ ಬಂದಾಗ ಸೆಟೆದುಕೊಂಡಿದ್ದುಂಟೇ, ಮನೆಯಲ್ಲಿ ಇನ್ಯಾರಿಗಾದರೂ ಇದೆಯೇ ಎಂಬುದನ್ನು ಜಗತ್ತಿನ ಎಲ್ಲ ವೈದ್ಯರೂ ಕೇಳುತ್ತಾರೆ. ಬಚ್ಚಲುಮನೆಯ ಪ್ರಶ್ನೆ ಮಾತ್ರ ಇಲ್ಲಿನದು. ವೈದ್ಯಕೀಯ ಪಠ್ಯಪುಸ್ತಕಗಳು ತೀರಾ ಅಪರೂಪ ಎಂದು ಅಡಿಟಿಪ್ಪಣಿಗೆ ತಳ್ಳಿದ್ದ ಒಂದು ಕಾಯಿಲೆ ನಮ್ಮ ದಕ್ಷಿಣದ ಜಿಲ್ಲೆಗಳಲ್ಲಿ ದಿನನಿತ್ಯದ ಮಾತಾಗಿತ್ತು. ಅದು ಗೊತ್ತಾಗಲು ಯಾರಾದರೂ ಸ್ನಾನದ ಬಗ್ಗೆ ವಿಚಾರಿಸಬೇಕಿತ್ತು, ಅಷ್ಟೇ.

ಬಿಸಿನೀರಿನ ಮೂರ್ಛೆ, ವೈದ್ಯರ ಬಾಯಲ್ಲಿ ಹಾಟ್ ವಾಟರ್ ಎಪಿಲೆಪ್ಸಿ, ಪ್ರತಿಫಲಿತ ಮೂರ್ಛೆಗಳ ಗುಂಪಿಗೆ ಸೇರಿದ್ದು. ಹೊರಗಿನ ಒಂದು ನಿರ್ದಿಷ್ಟ ಪ್ರಚೋದನೆ ಸಿಕ್ಕಾಗ ಮಿದುಳಿನ ವಿದ್ಯುತ್ ಚಟುವಟಿಕೆ ಹದ ತಪ್ಪುವುದು ಈ ಗುಂಪಿನ ಗುಣ. ಕೆಲವರಿಗೆ ಮಿನುಗುವ ಬೆಳಕು, ಕೆಲವರಿಗೆ ಓದು, ಬೆರಳೆಣಿಕೆಯ ಕೆಲವರಿಗೆ ಸಂಗೀತ. ಇವರಿಗೆ ನೆತ್ತಿಯ ಮೇಲೆ ಸುರಿಯುವ ಬಿಸಿನೀರು.

ದಾಖಲೆಯಲ್ಲಿ ಇದರ ಮೊದಲ ವರದಿ ನಮ್ಮದಲ್ಲ. 1945ರಲ್ಲಿ ನ್ಯೂಜಿಲೆಂಡಿನ ವೈದ್ಯ ಐ.ಎಂ. ಅಲೆನ್ ಇಂಥದ್ದೊಂದು ಪ್ರಕರಣ ಬರೆದರು. ಆಮೇಲೆ ಆಸ್ಟ್ರೇಲಿಯ, ಅಮೆರಿಕ, ಕೆನಡ, ಜಪಾನ್‌ಗಳಿಂದ ಅಲ್ಲೊಂದು ಇಲ್ಲೊಂದು ವರದಿ ಬಂತು. ಅವುಗಳಲ್ಲಿ ಬಹಳಷ್ಟು ಬಿಸಿನೀರಿನ ತೊಟ್ಟಿಗೆ ಇಳಿಸಿದ ಪುಟ್ಟ ಮಕ್ಕಳವು. ಅಲ್ಲಿನ ವೈದ್ಯರಿಗೆ ಒಂದೊಂದು ಮಗುವೂ ಒಂದೊಂದು ಪ್ರಬಂಧವಾಗುವಷ್ಟು ಅಪರೂಪ.

ಬೆಂಗಳೂರಿನಲ್ಲಿ ಹಾಗಿರಲಿಲ್ಲ. ನಿಮ್ಹಾನ್ಸ್ ಎಂಬ ಹೆಸರು ಬರುವ ಮುಂಚೆ, ಹೊಸೂರು ರಸ್ತೆಯ ಆ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಇದ್ದ ಕಾಲದಲ್ಲಿ, ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಒಂದು ಪ್ರಾಥಮಿಕ ವರದಿ ಪ್ರಕಟಿಸಿದರು. 1972ರ ಹೊತ್ತಿಗೆ ಅವರ ಬಳಿ 60 ರೋಗಿಗಳ ವಿವರವಿತ್ತು. ಇನ್ನೆರಡು ವರ್ಷಕ್ಕೆ ಅದು 108 ಆಗಿ ಅಮೆರಿಕದ ನರವಿಜ್ಞಾನಿಗಳ ಸಂಘದ ಮುಂದೆ ಹೋಯಿತು. 1980ರಿಂದ 1983ರವರೆಗೆ ಡಾ. ಪಿ. ಸತೀಶ್ಚಂದ್ರ ಮತ್ತು ಸಹೋದ್ಯೋಗಿಗಳು ಕಲೆಹಾಕಿದ ಪ್ರಕರಣಗಳೇ 279. 1988ರಲ್ಲಿ ‘ಎಪಿಲೆಪ್ಸಿಯಾ’ ಪತ್ರಿಕೆಯಲ್ಲಿ ಅದು ಅಚ್ಚಾದ ಮೇಲೆ, ಇದು ಎಲ್ಲೋ ಒಂದೆರಡು ಮಕ್ಕಳ ತೊಂದರೆ ಎಂದು ಯಾರೂ ಹೇಳುವಂತಿರಲಿಲ್ಲ.

ನನಗೆ ಈ ಕಥೆಯಲ್ಲಿ ಹೆಚ್ಚು ಹಿಡಿಸುವುದು ಆ ವೈದ್ಯರು ಸ್ನಾನವನ್ನೇ ಒಂದು ವಿಷಯವಾಗಿ ಗಮನಿಸಿದ ರೀತಿ. ಪ್ರಬಂಧಗಳಲ್ಲಿ ಅದನ್ನು ವಿದೇಶಿಯರಿಗೆ ವಿವರಿಸಲೇಬೇಕಿತ್ತು. ನಮ್ಮ ಮನೆಗಳಲ್ಲಿ ದಿನವೂ ಮೈಗೆ ನೀರು, ತಲೆಗೆ ಮಾತ್ರ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ. ಅಂದು ಒಲೆಗೆ ಸೌದೆ ಜಾಸ್ತಿ. ಹಂಡೆಯ ನೀರು ಮರಳುವಷ್ಟು ಕಾದಿರುತ್ತದೆ, ಮೈಗೆ ಎಣ್ಣೆ ತಿಕ್ಕಿ ಕೂರಿಸಿರುತ್ತಾರೆ. ಎಣ್ಣೆಯ ಜಿಡ್ಡು ಸೀಗೆಪುಡಿಗೆ ಬಿಡಬೇಕಾದರೆ ಬೆಚ್ಚಗಿನ ನೀರು ಸಾಲದು, ಚುರುಕ್ ಅನ್ನಬೇಕು. ಬೆರಕೆ ಮಾಡಿದ ಮೇಲೂ ಅದು 40ರಿಂದ 50 ಡಿಗ್ರಿ ಸೆಲ್ಸಿಯಸ್ ಇರುತ್ತಿತ್ತು ಎಂದು ಅಳೆದು ಬರೆದಿದ್ದಾರೆ. ಅದನ್ನು ಒಂದರ ಹಿಂದೆ ಒಂದು ಚೊಂಬು, ಉಸಿರಾಡಲು ಬಿಡದಂತೆ ನೆತ್ತಿಯ ಮೇಲೆ ಹೊಯ್ಯುವುದು. ಕಣ್ಣು ಮುಚ್ಚಿ ಕೂತ ಹುಡುಗ ‘ಸಾಕು’ ಅಂದರೂ ದೊಡ್ಡವರು ಬಿಡುವುದಿಲ್ಲ. ತೊಟ್ಟಿಯಲ್ಲಿ ಮುಳುಗಿ ಕೂರುವವರಿಗೆ ಈ ಅನುಭವವೇ ಇಲ್ಲ.

ಅಂಥ ಹೊತ್ತಿನಲ್ಲಿ ಕೆಲವು ಮಕ್ಕಳು ಇದ್ದಕ್ಕಿದ್ದಂತೆ ಶೂನ್ಯದತ್ತ ನೋಡತೊಡಗುತ್ತಾರೆ. ಮಾತು ಅಸಂಬದ್ಧವಾಗುತ್ತದೆ, ಕರೆದರೆ ಓಗೊಡುವುದಿಲ್ಲ. ಕೆಲವರಿಗೆ ಭಯ, ಕೆಲವರಿಗೆ ಇಲ್ಲದ್ದು ಕಂಡಂತೆ, ಕೇಳಿದಂತೆ. ಮೂರರಲ್ಲಿ ಎರಡು ಪಾಲು ರೋಗಿಗಳಲ್ಲಿ ಹೀಗೆ ಅರಿವು ಮಸುಕಾಗುವ ಬಗೆಯೇ ಕಂಡುಬಂತು. ಉಳಿದವರು ಕೈಕಾಲು ಸೆಟೆದು ಬೀಳುವ, ನಾವೆಲ್ಲ ಫಿಟ್ಸ್ ಎಂದು ಗುರುತಿಸುವ ಬಗೆಯವರು. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಹೆಚ್ಚು. ಇನ್ನೊಂದು ವಿಚಿತ್ರ: ಕೆಲವರಿಗೆ ಮೂರ್ಛೆಯ ಅಂಚಿನಲ್ಲಿ ಒಂದು ಬಗೆಯ ಹಿತ ಸಿಗುತ್ತದೆ. ಅವರು ತಡೆಯಲಾರದೆ ತಾವೇ ಚೊಂಬಿನ ಮೇಲೆ ಚೊಂಬು ಹೊಯ್ದುಕೊಳ್ಳುತ್ತಾ ಹೋಗುತ್ತಾರೆ, ಪ್ರಜ್ಞೆ ತಪ್ಪುವವರೆಗೆ. ಬಚ್ಚಲಿನಿಂದ ಬೇಗ ಬಾರದ ಮಗನನ್ನು ಹೊರಗಿನಿಂದ ಬೈಯುವ ತಾಯಿಗೆ ಒಳಗೆ ನಡೆಯುತ್ತಿರುವುದು ಕಾಯಿಲೆ ಎಂದು ಹೊಳೆಯುವುದಾದರೂ ಹೇಗೆ?

ಹೊಳೆಯುವುದಿಲ್ಲ ಎಂಬುದಕ್ಕೆ ಲೆಕ್ಕವೇ ಸಾಕ್ಷಿ. ಆಸ್ಪತ್ರೆಗೆ ಬಂದ ಮೂರ್ಛೆ ರೋಗಿಗಳ ನಡುವೆ ಎಣಿಸಿದಾಗ ಬಿಸಿನೀರಿನವರು ನೂರಕ್ಕೆ ನಾಲ್ವರ ಹತ್ತಿರ. ವೈದ್ಯರೇ ಊರಿಗೆ ಹೋಗಿ ಮನೆಮನೆ ಕೇಳಿದ ಸಮೀಕ್ಷೆಯಲ್ಲಿ ಆ ಪಾಲು ಏಳರ ಹತ್ತಿರಕ್ಕೆ ಏರಿತು. ‘ಬಿಸಿ ಜಾಸ್ತಿಯಾಗಿ ತಲೆ ಸುತ್ತಿತು’ ಎಂದು ಮನೆಯಲ್ಲೇ ಮುಗಿದುಹೋಗುತ್ತಿದ್ದ ಸಂಗತಿಗಳು ಅವು. ಡಾ. ಮಣಿಯವರು ನಂತರದ ವರ್ಷಗಳಲ್ಲಿ ಯಳಂದೂರಿನಲ್ಲಿ ಸುಮಾರು 65 ಸಾವಿರ ಜನಸಂಖ್ಯೆಯನ್ನು ಹೀಗೇ ಜಾಲಾಡಿದರು. ಫಿನೋಬಾರ್ಬಿಟೋನ್, ಫೆನಿಟಾಯಿನ್‌ನಂಥ ಅಗ್ಗದ ಮಾತ್ರೆಗಳಿಂದಲೇ ಹಳ್ಳಿಯ ಮೂರ್ಛೆ ರೋಗಿಗಳನ್ನು ಸಂಭಾಳಿಸಬಹುದು ಎಂದು ತೋರಿಸಿದ ಆ ಕೆಲಸ 2001ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಅದು ಬೇರೆಯೇ ಒಂದು ಲೇಖನಕ್ಕೆ ಆಗುವ ವಿಷಯ.

ಹಾಗಾದರೆ ತಪ್ಪೆಲ್ಲ ಹಂಡೆಯದೇ? ಹಾಗೆನ್ನಲು ಆಗದು. ಎಣ್ಣೆನೀರು ತಮಿಳುನಾಡಿನಲ್ಲೂ ಇದೆ, ಆಂಧ್ರದಲ್ಲೂ ಇದೆ. ಅಲ್ಲಿಂದಲೂ ಪ್ರಕರಣಗಳು ಬಂದಿವೆಯಾದರೂ ಮೈಸೂರು ಸೀಮೆಯ ದಟ್ಟಣೆ ಬೇರೆಲ್ಲೂ ಕಾಣಲಿಲ್ಲ. ಒಂದೇ ಹಂಡೆಯ ನೀರು ಮನೆಯ ಐದು ಮಂದಿ ಹೊಯ್ದುಕೊಂಡರೆ ಒಬ್ಬ ಮಾತ್ರ ಬೀಳುತ್ತಾನೆ. ಇತ್ತ ಕರ್ನಾಟಕದ ಗಾಳಿಯೂ ಸೋಕದ ಟರ್ಕಿಯಲ್ಲಿ ಇದೇ ಕಾಯಿಲೆ ಸಿಕ್ಕಿತು. 2001ರಲ್ಲಿ ಇಸ್ತಾಂಬುಲ್‌ನ ವೈದ್ಯರು 21 ರೋಗಿಗಳ ವಿವರ ಕೊಟ್ಟರು. ಅಲ್ಲೂ ಕೂತು, ಬಟ್ಟಲಿನಲ್ಲಿ ಬಿಸಿನೀರು ಮೊಗೆದು ತಲೆಗೆ ಸುರಿದುಕೊಳ್ಳುವ ರೂಢಿ. ಅಲ್ಲೂ ಆ ಹಿತಕ್ಕೆ ಸೋತು ತಾವೇ ಮೂರ್ಛೆ ಬರಿಸಿಕೊಳ್ಳುವವರು. ಅಂದರೆ ಕಾಯಿಲೆ ಹೊರಬೀಳಲು ರೂಢಿ ಬೇಕು, ಆದರೆ ಅದಕ್ಕೆ ಈಡಾಗುವ ಮಿದುಳು ಮೊದಲೇ ಇರಬೇಕು.

ಆ ಮಿದುಳಿನೊಳಗೆ ಏನಾಗುತ್ತದೆ ಎಂದು ನೋಡುವುದು ಸುಲಭವಿರಲಿಲ್ಲ. ಮೂರ್ಛೆ ಇಲ್ಲದ ಹೊತ್ತಿನಲ್ಲಿ ತೆಗೆದ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಚಟುವಟಿಕೆಯ ದಾಖಲೆ, ಹೆಚ್ಚಿನವರಲ್ಲಿ ಸರಿಯಾಗಿಯೇ ಇರುತ್ತದೆ. ಮೂರ್ಛೆಯ ಹೊತ್ತಿನದು ಬೇಕೆಂದರೆ ತಲೆಗೆ ತಂತಿ ಅಂಟಿಸಿ ಅದರ ಮೇಲೇ ನೀರು ಸುರಿಯಬೇಕು! ಹಾಗಾಗಿ ನಿಮ್ಹಾನ್ಸ್‌ನಲ್ಲಿ ಜಿ.ಆರ್. ಉಳ್ಳಾಲ್, ಸತೀಶ್ಚಂದ್ರ ಮತ್ತು ನರರೋಗಶಾಸ್ತ್ರಜ್ಞ ಎಸ್.ಕೆ. ಶಂಕರ್ ಇಲಿಗಳ ಮೊರೆ ಹೋದರು. ತಲೆಗೆ ಬಿಸಿನೀರು ಬಿದ್ದು ಮೈಬಿಸಿ ಒಂದು ಹಂತ ದಾಟಿದಾಗ ಇಲಿಗಳಿಗೂ ಮೂರ್ಛೆ ಬಂತು. ಮತ್ತೆ ಮತ್ತೆ ಹಾಗೆ ಮಾಡಿದಾಗ, ಮೊದಲಿಗಿಂತ ಕಡಿಮೆ ಬಿಸಿಗೇ ಬರತೊಡಗಿತು. ಒಮ್ಮೆ ಹಾದಿ ಸವೆದರೆ ಮಿದುಳು ಅದೇ ಹಾದಿಯಲ್ಲಿ ಬೇಗ ಜಾರುತ್ತದೆ. ಬಚ್ಚಲಲ್ಲಿ ಮಾತ್ರ ಬರುತ್ತಿದ್ದ ಮೂರ್ಛೆ ಕೆಲವರಿಗೆ ವರ್ಷಗಳ ಮೇಲೆ ನೀರಿನ ಹಂಗಿಲ್ಲದೆಯೂ ಬರುವುದಕ್ಕೆ ಇದೊಂದು ವಿವರಣೆ. ರೋಗಿಗಳ ಮಿದುಳಿನ ರಕ್ತಸಂಚಾರವನ್ನು ತೋರಿಸುವ ಸ್ಪೆಕ್ಟ್ ಸ್ಕ್ಯಾನ್‌ನಲ್ಲಿ ಮೂರ್ಛೆಯ ಹೊತ್ತಿಗೆ ಕಿವಿಯ ಮಟ್ಟದ ಟೆಂಪೊರಲ್ ಹಾಲೆಯ ಒಳಭಾಗ ಮತ್ತು ಹೈಪೊಥಲಾಮಸ್ ಚುರುಕಾದದ್ದು ಕಂಡಿತು. ದೇಹದ ಶಾಖವನ್ನು ಹದದಲ್ಲಿಡುವ ಕೆಲಸ ಹೈಪೊಥಲಾಮಸ್‌ನದೇ. ಚಿಕ್ಕಂದಿನಲ್ಲಿ ಜ್ವರದ ಫಿಟ್ಸ್ ಬಂದಿದ್ದ ಮಕ್ಕಳು ಈ ರೋಗಿಗಳ ನಡುವೆ ಸಿಗುವುದೂ ಇದಕ್ಕೆ ಹೊಂದುತ್ತದೆ.

ಹಲವು ಮನೆಗಳಲ್ಲಿ ಅಪ್ಪನಿಗೂ ಮಗಳಿಗೂ, ಅಣ್ಣನಿಗೂ ತಮ್ಮನಿಗೂ ಇದ್ದದ್ದು ವಂಶವಾಹಿಯ ಕಡೆ ಬೆರಳು ತೋರಿಸುತ್ತಿತ್ತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅನುರಂಜನ್ ಆನಂದ್ ಅವರ ತಂಡ ನಿಮ್ಹಾನ್ಸ್ ಜೊತೆ ಸೇರಿ ಇಂಥ ಕುಟುಂಬಗಳ ರಕ್ತ ಪರೀಕ್ಷಿಸಿತು. 2009ರಲ್ಲಿ ಒಂದು ಕುಟುಂಬದ ಸುಳಿವು 10ನೇ ವರ್ಣತಂತುವಿನ ಮೇಲೆ, ಇನ್ನೊಂದರದು 4ನೆಯದರ ಮೇಲೆ ಸಿಕ್ಕಿತು. 2017ರಲ್ಲಿ ಎಸ್‌ಎಲ್‌ಸಿ1ಎ1 ಎಂಬ ಜೀನ್‌ನ ಅಪರೂಪದ ಬದಲಾವಣೆಗಳು ಪತ್ತೆಯಾದವು. ಇದಿರುವುದು 9ನೇ ವರ್ಣತಂತುವಿನಲ್ಲಿ. ನರಕೋಶಗಳನ್ನು ಉದ್ರೇಕಿಸುವ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಕೆಲಸ ಮುಗಿದ ಮೇಲೆ ಒಳಗೆಳೆದುಕೊಳ್ಳುವ ಪ್ರೋಟೀನ್ ಈ ಜೀನ್‌ನಿಂದ ತಯಾರಾಗುತ್ತದೆ. ಆ ಕೆಲಸ ಸೊರಗಿದರೆ ಉದ್ರೇಕ ಇಳಿಯುವುದಿಲ್ಲ. ಬೇರೆ ಬೇರೆ ಮನೆತನಗಳಲ್ಲಿ ಬೇರೆ ಬೇರೆ ಜಾಗ ಸಿಕ್ಕಿರುವುದನ್ನು ನೋಡಿದರೆ, ಒಂದೇ ಕಾಯಿಲೆಗೆ ದಾರಿಗಳು ಹಲವು.

ಬಚ್ಚಲಲ್ಲಿ ಬಿದ್ದವರೆಲ್ಲ ಈ ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಗಾಳಿಯಾಡದ ಸ್ನಾನಗೃಹದಲ್ಲಿ ಗ್ಯಾಸ್ ಗೀಸರ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡು ಪ್ರಜ್ಞೆ ತಪ್ಪಬಹುದು, ಪ್ರಾಣವೂ ಹೋಗಬಹುದು. ಎರಡನ್ನೂ ಬೇರ್ಪಡಿಸಿ ನೋಡುವುದು ವೈದ್ಯರ ಕೆಲಸ.

ಚಿಕಿತ್ಸೆಯ ಮೊದಲ ಮಾತು ಔಷಧಿಯಂಗಡಿಗೆ ಸೇರಿದ್ದೇ ಅಲ್ಲ: ನೀರಿನ ಬಿಸಿ ಇಳಿಸಿ. ಉಗುರುಬೆಚ್ಚಗಿನ ನೀರು, ನಿಧಾನವಾಗಿ, ಬೇಕಾದರೆ ಒದ್ದೆ ಬಟ್ಟೆಯಲ್ಲಿ ತಲೆ ಒರೆಸಿಕೊಳ್ಳುವುದು. ಬಹಳ ಮಂದಿಗೆ ಇಷ್ಟರಲ್ಲೇ ನಿಲ್ಲುತ್ತದೆ. ಸಾಲದಿದ್ದರೆ ತಲೆಗೆ ನೀರು ಹಾಕಿಕೊಳ್ಳುವ ದಿನ ಮಾತ್ರ, ಸ್ನಾನಕ್ಕೆ ಒಂದೂವರೆ ಗಂಟೆ ಮುಂಚೆ, ವೈದ್ಯರು ಹೇಳಿದಷ್ಟು ಕ್ಲೋಬಜಾಮ್ ಮಾತ್ರೆ. ವರ್ಷವಿಡೀ ದಿನಾ ಮಾತ್ರೆ ನುಂಗುವ ಪ್ರಸಂಗ ಬರುವುದು ನೀರಿಲ್ಲದೆಯೂ ಮೂರ್ಛೆ ಬರುವವರಿಗೆ. ಕಷ್ಟವಿರುವುದು ಮನೆಯ ಹಿರಿಯರನ್ನು ಒಪ್ಪಿಸುವುದರಲ್ಲಿ. ದೀಪಾವಳಿಯ ಎಣ್ಣೆನೀರಿನ ದಿನ, ಮೊಮ್ಮಗನಿಗೆ ಉಗುರುಬೆಚ್ಚಗಿನ ನೀರು ಹೊಯ್ಯಿ ಎಂದು ಅಜ್ಜಿಗೆ ಹೇಳಿ ನೋಡಿ. ಆ ಮಾತು ಡಾಕ್ಟರರ ಬಾಯಿಂದ, ಅಜ್ಜಿಯನ್ನೂ ಎದುರು ಕೂರಿಸಿಕೊಂಡೇ ಬರಬೇಕು. ಬಚ್ಚಲಿನ ಚಿಲಕ ಹಾಕಬೇಡಿ ಎಂಬ ಮಾತೂ ಅದರ ಜೊತೆಗೇ.