ಹಾಡಿಗೆ ತಾರೀಖು ಹಚ್ಚುವುದು ಹೇಗೆ?

ಬೀಟಲ್ಸ್ ತಂಡದ ‘ನೌ ಅಂಡ್ ದೆನ್’ ಹಾಡು ಬಿಡುಗಡೆಯಾದದ್ದು 2023ರ ನವೆಂಬರ್ 2ರಂದು. ಅದನ್ನು ಹಾಡಿದ ಜಾನ್ ಲೆನನ್ ಹತ್ಯೆಗೀಡಾದದ್ದು 1980ರ ಡಿಸೆಂಬರಿನಲ್ಲಿ. ನ್ಯೂಯಾರ್ಕಿನ ತಮ್ಮ ಮನೆಯಲ್ಲಿ ಪಿಯಾನೊ ನುಡಿಸುತ್ತ ಅವರು ಕ್ಯಾಸೆಟ್ಟಿನಲ್ಲಿ ಉಳಿಸಿದ್ದ ಕರಡು ಅದು. 1977ರ ಆಸುಪಾಸಿನದೆಂದು ಸಾಮಾನ್ಯವಾಗಿ ಹೇಳುತ್ತಾರೆ. 1994ರಲ್ಲಿ ಯೋಕೊ ಓನೊ ಅವರಿಂದ ಕ್ಯಾಸೆಟ್ಟು ಪಾಲ್ ಮೆಕಾರ್ಟ್ನಿಯವರ ಕೈ ಸೇರಿತು. ಮರುವರ್ಷ ತಂಡದ ಉಳಿದ ಮೂವರು ಅದನ್ನು ಪೂರ್ಣಗೊಳಿಸಲು ಯತ್ನಿಸಿ ಕೈಬಿಟ್ಟರು. ಅವರಲ್ಲಿ ಜಾರ್ಜ್ ಹ್ಯಾರಿಸನ್ 2001ರಲ್ಲಿ ತೀರಿಕೊಂಡರು. ಪಿಯಾನೊದ ಸದ್ದಿನಿಂದ ದನಿಯನ್ನು ಬಿಡಿಸಿಕೊಡಲು ಕೊನೆಗೆ ಕಂಪ್ಯೂಟರ್ ಬರಬೇಕಾಯಿತು. ಹಾಗಾದರೆ ಇದು ಯಾವ ವರ್ಷದ ಹಾಡು?

ಸುಂಟಿಕೊಪ್ಪದ ಕಾಫಿ ತೋಟಗಳ ನಡುವೆ ಇರುವವನಿಗೆ ಈ ಚಿಂತೆ ಏಕೆಂದು ಓದುಗರು ಕೇಳಬಹುದು. ಇದೇ ಪ್ರಶ್ನೆ ಕೊಡಗಿನಲ್ಲಿ ಇನ್ನೂ ಜಟಿಲವಾಗಿ ನಿಂತಿದೆ. ದುಡಿ ಬಡಿಯುತ್ತ ಇಬ್ಬರು ಹಾಡಿದ ಸಾಲನ್ನು ಮತ್ತಿಬ್ಬರು ಮರುಕಳಿಸುವ ಕೊಡವ ಹಾಡುಗಳಿಗೆ ಕರ್ತೃವಿನ ಹೆಸರಿಲ್ಲ, ಕಾಲವೂ ಇಲ್ಲ. ಪೊಲೀಸ್ ಇಲಾಖೆಯಲ್ಲಿದ್ದ ನಡಿಕೇರಿಯಂಡ ಚಿಣ್ಣಪ್ಪನವರು (1875-1931) ಅವುಗಳನ್ನು ಸಂಗ್ರಹಿಸಿ, ಕನ್ನಡ ಲಿಪಿಯಲ್ಲಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಎಂಬ ಗ್ರಂಥವಾಗಿ ಪ್ರಕಟಿಸಿದರು. ಎಂ.ಎನ್. ಶ್ರೀನಿವಾಸರು 1952ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಅಧ್ಯಯನಕ್ಕೆ ಈ ಗ್ರಂಥವನ್ನು ಬಳಸಿಕೊಂಡರು. 2003ರಲ್ಲಿ ಚಿಣ್ಣಪ್ಪನವರ ಮೊಮ್ಮಕ್ಕಳೇ ಆದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಯ ಇಂಗ್ಲಿಷ್ ಅನುವಾದ ಬಂತು.

ಸಭೆಗಳಲ್ಲಿ ಈ ಹಾಡುಗಳಿಂದ ಒಂದೆರಡು ಸಾಲು ಹೇಳಿ ‘ಸಾವಿರ ವರ್ಷಗಳ ಹಿಂದಿನದು’ ಎಂದು ಘೋಷಿಸುವವರಿದ್ದಾರೆ. ಎಲ್ಲವೂ ಅರಸರ ಕಾಲದ ಹೊಗಳಿಕೆಯೆಂದು ತಳ್ಳಿಹಾಕುವವರೂ ಇದ್ದಾರೆ. ಇದನ್ನು ವಿದ್ವಾಂಸರ ಜಗಳವೆಂದು ಬಿಟ್ಟುಬಿಡುವಂತಿಲ್ಲ. ದೇವಸ್ಥಾನದ ಹಬ್ಬದಲ್ಲಿ ಮೊದಲ ಮರ್ಯಾದೆ ಯಾವ ಮನೆತನದ್ದು, ತಕ್ಕರ ಸ್ಥಾನ ಯಾರದ್ದು ಎಂಬ ವಾದಕ್ಕೆ ಹಾಡೂ ಸಾಕ್ಷಿಯಾಗಿ ಬರುತ್ತದೆ. ಸಾಕ್ಷಿಯೆಂದ ಮೇಲೆ ಅದರ ವಯಸ್ಸನ್ನು ವಿಚಾರಿಸಲೇಬೇಕು.

ತಾರೀಖಿಲ್ಲದ ಕಾಗದ ಮೇಜಿಗೆ ಬಂದಾಗ ಅಧಿಕಾರಿಯಾದವನು ಮೊದಲು ಅದರ ಒಳಗನ್ನು ನೋಡುತ್ತಾನೆ: ಮೊಹರು ಯಾರದು, ಊರಿನ ಹೆಸರನ್ನು ಹೇಗೆ ಬರೆದಿದೆ? ಹಾಡನ್ನೂ ಹಾಗೆ ನೋಡಬಹುದು. ಹಾಲೇರಿಯಿಂದ ಮಡಿಕೇರಿಗೆ ರಾಜಧಾನಿ ಬಂದದ್ದು 1681ರಲ್ಲಿ. ದೊಡ್ಡ ವೀರರಾಜೇಂದ್ರ ವಿರಾಜಪೇಟೆಯನ್ನು ಕಟ್ಟಿಸಿದ್ದು 1792ರಲ್ಲಿ. ಕುಶಾಲನಗರಕ್ಕೆ ಫ್ರೇಸರ್‌ಪೇಟೆ ಎಂಬ ಹೆಸರು ಬಂದದ್ದು 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೆ. ಬಿಳಿಯರ ಕಾಫಿ ತೋಟಗಳು ಎದ್ದದ್ದು 1854ರಿಂದೀಚೆಗೆ. ಇವುಗಳ ಪ್ರಸ್ತಾಪವಿರುವ ಸಾಲು ಆ ವರ್ಷಕ್ಕಿಂತ ಹಿಂದಿನದಾಗಿರಲಾರದು.

ಸಾಲು ಎಂದೆ, ಹಾಡು ಎನ್ನಲಿಲ್ಲ. ತೊಡಕಿರುವುದು ಅಲ್ಲೇ. ದುಡಿ ಹಿಡಿದವರು ಮದುವೆ ಮನೆಯಲ್ಲಿ ಆ ಮನೆತನದ ಹೆಸರನ್ನು ಹಾಡಿಗೆ ಹೊಂದಿಸಿಕೊಳ್ಳುತ್ತಾರೆ. ಆಳುವ ಅರಸನ ಹೆಸರನ್ನೂ ಹೀಗೆಯೇ ಬದಲಿಸಿರಬಹುದು. ಹಳೆಯ ಗೋಡೆಗೆ ಹೊಸ ಹೆಂಚು ಹೊದಿಸಿದ ಮನೆಯ ವಯಸ್ಸನ್ನು ಹೆಂಚಿನ ಮೇಲಿನ ಮುದ್ರೆಯಿಂದ ಹೇಳಲಾದೀತೇ? ಇದಕ್ಕೆ ವಿರುದ್ಧವಾದ ತಪ್ಪು ಇನ್ನೂ ಸಾಮಾನ್ಯವೆಂದು ನನ್ನ ಅನಿಸಿಕೆ. ಹಾಡಿನಲ್ಲಿ ಭತ್ತದ ಗದ್ದೆಯಿದೆ, ಕಾಫಿಯಿಲ್ಲ, ಆದ್ದರಿಂದ ಅದು ಕಾಫಿಗೆ ಮೊದಲಿನದು ಎನ್ನುತ್ತಾರೆ. ಪುತ್ತರಿ ಹೊಸ ಭತ್ತದ ಹಬ್ಬ. ಅದರ ಹಾಡಿನಲ್ಲಿ ಇಂದಿಗೂ ಕಾಫಿಗೆ ಕೆಲಸವಿಲ್ಲ.

ಇನ್ನೊಂದು ತುದಿಯ ಗಡಿಯನ್ನು ಮುದ್ರಣ ಗುರುತಿಸಿಕೊಡುತ್ತದೆ. ಮಂಗಳೂರಿನ ಬಾಸೆಲ್ ಮಿಶನ್ನಿನವರು 1870ರಲ್ಲಿ ಹೊರತಂದ ರಿಕ್ಟರ್ ಅವರ ಕೊಡಗು ಕೈಪಿಡಿಯಲ್ಲಿ ಪುತ್ತರಿ ಹಾಡೊಂದರ ಇಂಗ್ಲಿಷ್ ಅನುವಾದವಿದೆ. ಅದಕ್ಕೂ 1924ರ ಪಾಠಕ್ಕೂ ಸಮಾನವಾಗಿರುವುದು 1870ಕ್ಕೆ ಮೊದಲೇ ಇತ್ತೆಂದು ನಿಶ್ಚಿಂತೆಯಿಂದ ಹೇಳಬಹುದು. ಉಳಿದದ್ದನ್ನು ಹೊಸದೆಂದು ಮಾತ್ರ ಹೇಳಲಾಗದು; ಬೇರೆ ನಾಡಿನ ಪಾಠವಿದ್ದೀತು.

ಅದರಾಚೆಗೆ ಹೋಗಲು ನಮ್ಮ ಸಾಕ್ಷ್ಯ ಕಾನೂನಿನ ಒಂದು ನಿಯಮ ನೆರವಾಗುತ್ತದೆ. ಮೂವತ್ತು ವರ್ಷ ಹಳೆಯ ಪತ್ರವು ಇರಬೇಕಾದವರ ವಶದಿಂದಲೇ ಬಂದಿದ್ದರೆ ನ್ಯಾಯಾಲಯ ಅದನ್ನು ನೈಜವೆಂದು ಭಾವಿಸಬಹುದು. 2024ರಲ್ಲಿ ಜಾರಿಗೆ ಬಂದ ಹೊಸ ಅಧಿನಿಯಮದಲ್ಲಿಯೂ ಇದು ಉಳಿದಿದೆ. ಹಾಡಿನ ವಿಷಯದಲ್ಲಿಯೂ ‘ಎಷ್ಟು ಹಳೆಯದು’ ಎಂಬುದಕ್ಕಿಂತ ‘ಯಾರಿಂದ ಬಂತು’ ಎಂಬುದು ಒಳ್ಳೆಯ ಪ್ರಶ್ನೆ. ಲೆಕ್ಕ ಹಾಕಿ ನೋಡಿ. 1924ರಲ್ಲಿ ಎಪ್ಪತ್ತು ವರ್ಷದ ಹಾಡುಗಾರನೊಬ್ಬ ತನ್ನ ಹದಿನೈದರಲ್ಲಿ, ಅಂದರೆ 1869ರಲ್ಲಿ, ಅರವತ್ತರ ಹಿರಿಯನಿಂದ ಕಲಿತಿದ್ದನೆನ್ನೋಣ. ಆ ಹಿರಿಯ ಹುಟ್ಟಿದ್ದು 1809ರಲ್ಲಿ. ಅವನೂ ಹದಿನೈದರಲ್ಲಿ ಮತ್ತೊಬ್ಬ ಅರವತ್ತರವನಿಂದ ಕಲಿತಿದ್ದರೆ, ಆ ಮೊದಲನೆಯವನ ಹುಟ್ಟು 1764. ಮೂವರೇ ಮನುಷ್ಯರು, ಟಿಪ್ಪುವಿನ ದಂಡಯಾತ್ರೆಗಳಿಗೂ ಹಿಂದಿನ ಕೊಡಗಿಗೆ ನಮ್ಮನ್ನು ಮುಟ್ಟಿಸುತ್ತಾರೆ. ಸಾವಿರ ವರ್ಷದ ಮಾತಿಗಿಂತ ಇಂತಹ ನೂರೈವತ್ತು ವರ್ಷ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಆದರೆ ಈ ಲೆಕ್ಕಕ್ಕೆ ಹೆಸರುಗಳು ಬೇಕು. ಮದುವೆ, ಪುತ್ತರಿಗಳಲ್ಲಿ ಟೇಪ್ ರೆಕಾರ್ಡರ್ ಇಟ್ಟು ಹಿಡಿದ ಕ್ಯಾಸೆಟ್ಟುಗಳು ಇಲ್ಲಿನ ಮನೆಗಳ ಪೆಟ್ಟಿಗೆಗಳಲ್ಲಿವೆ. ಎಷ್ಟೋ ಕ್ಯಾಸೆಟ್ಟುಗಳ ಮೇಲೆ ಒಂದಕ್ಷರವೂ ಇಲ್ಲ. ದನಿಯನ್ನು ಗುರುತಿಸಬಲ್ಲ ಅಜ್ಜಂದಿರು ಕೆಲವರಾದರೂ ಇದ್ದಾರೆ. ಯಾರ ಮನೆಯಲ್ಲಿ, ಯಾವ ವರ್ಷ, ಹಾಡಿದ ನಾಲ್ವರು ಯಾರು, ಅವರಿಗೆ ಕಲಿಸಿದವರಾರು ಎಂದು ಅವರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದಿಡಲು ಅರ್ಧ ದಿನ ಸಾಕು. ಈ ಪುತ್ತರಿಗೆ ಊರಿಗೆ ಬರುವ ಮಕ್ಕಳಿಗೆ ಆ ಕೆಲಸ ವಹಿಸಬಹುದು.