ನಲವತ್ತು ಗುಂಟೆಗೆ ಮೂರೂವರೆ

ನವಿ ಮುಂಬಯಿ ಕಟ್ಟಲೆಂದು ಮಹಾರಾಷ್ಟ್ರ ಸರ್ಕಾರದ ನಿಗಮ ಸಿಡ್ಕೊ ಸ್ಥಾಪನೆಯಾದದ್ದು 1970ರ ಮಾರ್ಚ್ 17ರಂದು. ಠಾಣೆ–ವಾಶಿ ಮಾರ್ಗದ ಲೋಕಲ್ ರೈಲು ಆ ನಗರದ ತುರ್ಭೆಗೆ ಬಂದದ್ದು 2004ರಲ್ಲಿ. ನಡುವೆ 34 ವರ್ಷ. ರೈಲು ನಿಲ್ದಾಣದ ಸುತ್ತ ಬಡಾವಣೆ ಬೆಳೆಯಬೇಕು ಎಂದು ಯೋಜಿಸಿದ ನಗರದಲ್ಲಿ ಜನ ಮೊದಲು ಬಂದರು, ರೈಲು ಆಮೇಲೆ ಬಂತು.

ಯೋಜಿತ ನಗರದ ಕಲ್ಪನೆಗೆ 1898 ಮುಖ್ಯ ವರ್ಷ. ಎಬೆನೇಜರ್ ಹೊವರ್ಡ್ ಲಂಡನ್ನಿನಲ್ಲಿ ಉದ್ಯಾನ ನಗರದ ಪುಸ್ತಕ ಹೊರತಂದದ್ದು ಆಗ. ಪ್ಲೇಗಿನಿಂದ ತತ್ತರಿಸಿದ ಮುಂಬಯಿಯಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಆರಂಭವಾದದ್ದೂ ಅದೇ ವರ್ಷ. ಅದೇ ಪ್ಲೇಗು ಬೆಂಗಳೂರಿಗೂ ಬಂದು, ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದವು.

ಹೊವರ್ಡ್ ಲೆಕ್ಕ ಹೀಗಿತ್ತು: 6,000 ಎಕರೆ, 32,000 ಜನ, ಊರಿಗೆ 1,000 ಎಕರೆ, ಉಳಿದ 5,000 ಬೇಸಾಯಕ್ಕೆ. ಊರು ಬೆಳೆದಂತೆ ಏರುವ ಭೂಮಿಯ ಬೆಲೆ ಊರಿಗೇ ಸೇರಬೇಕು ಎಂಬುದು ಅದರ ಜೀವಾಳ.

ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ ಮತ್ತು ಎಂಜಿನಿಯರ್ ಶಿರೀಷ್ ಪಟೇಲ್ ಮುಂಬಯಿಯ ಖಾಡಿಯ (ಕಡಲ ಹಿನ್ನೀರಿನ) ಆಚೆ ಹೊಸ ಪಟ್ಟಣ ಬೇಕೆಂದು 1965ರಲ್ಲಿ 'ಮಾರ್ಗ್' ಪತ್ರಿಕೆಯಲ್ಲಿ ಬರೆದರು. ಮುಂದೆ ಅದು 344 ಚದರ ಕಿ.ಮೀ., ಅಂದರೆ ಸುಮಾರು 85,000 ಎಕರೆಯ ಯೋಜನೆಯಾಯಿತು. 95 ಹಳ್ಳಿಗಳು, 20 ಲಕ್ಷ ಜನರ ಗುರಿ. ಸಿಡ್ಕೊದ ಆರಂಭದ ಬಂಡವಾಳ 3.95 ಕೋಟಿ ರೂಪಾಯಿ ಮಾತ್ರ. ಜಮೀನು ವಶಪಡಿಸಿಕೊಂಡು, ನಿವೇಶನ ಮಾಡಿ ಮಾರಿ, ಆ ಹಣದಲ್ಲೇ ರಸ್ತೆ, ನೀರು, ಚರಂಡಿ ಮಾಡುವುದು ಅದರ ದಾರಿ. ಏರಿದ ಬೆಲೆ ಊರು ಕಟ್ಟಲು ಒದಗಿತು, ನಿಜ. ಆದರೆ ಜಮೀನು ಕೊಟ್ಟವನಿಗೆ?

1984ರ ಜನವರಿ 16, 17ರಂದು ಉರಣ್ ತಾಲೂಕಿನ ಜಾಸಯಿ ಭಾಗದಲ್ಲಿ, ದಿ.ಬಾ. ಪಾಟೀಲರ ನೇತೃತ್ವದ ರೈತ ಹೋರಾಟದ ಮೇಲೆ ಪೊಲೀಸರು ಗುಂಡು ಹಾರಿಸಿದರು. ಐವರು ರೈತರು ಸತ್ತರು. ಈ ಹೋರಾಟದ ಫಲವಾಗಿ, ವಶಪಡಿಸಿಕೊಂಡ ಭೂಮಿಯಲ್ಲಿ ಶೇ. 12.5ರಷ್ಟನ್ನು ಅಭಿವೃದ್ಧಿಪಡಿಸಿ ಮರಳಿಸುವ ಯೋಜನೆ ಬಂತು. ಒಂದು ಎಕರೆಗೆ 40 ಗುಂಟೆ; ಅದರಲ್ಲಿ ಶೇ. 12.5 ಅಂದರೆ 5 ಗುಂಟೆ. ಸಾರ್ವಜನಿಕ ಸೌಲಭ್ಯಕ್ಕೆಂದು ಅದರಲ್ಲೂ ಶೇ. 30 ಕಡಿತ. ಕೈಗೆ ಉಳಿಯುವುದು ಮೂರೂವರೆ ಗುಂಟೆ, 3,811 ಚದರ ಅಡಿ. ಅದಕ್ಕೂ ಐದು ಪ್ರಾಣ ಹೋಗಬೇಕಾಯಿತು.

ರಾಜ್ಯ ಸರ್ಕಾರದ ಸಚಿವಾಲಯವಾದ ಮಂತ್ರಾಲಯವೂ ಖಾಡಿ ದಾಟಿ ಬರಲಿ ಎಂಬುದು ಯೋಜಕರ ಆಸೆ. ಅದು ಬರಲಿಲ್ಲ, ತುರ್ಭೆಗೆ ಬಂದದ್ದು ಸಗಟು ಮಾರುಕಟ್ಟೆ. ಈರುಳ್ಳಿ–ಆಲೂಗಡ್ಡೆ 1981ರಲ್ಲಿ, ಮಸಾಲೆ 1991ರಲ್ಲಿ, ಹಣ್ಣು–ತರಕಾರಿ 1996ರಲ್ಲಿ. ಬ್ಯಾಡಗಿ ಮೆಣಸಿನಕಾಯಿಯ ಚೀಲಗಳೂ ಇಲ್ಲೇ ಇಳಿಯುತ್ತವೆ. ಠಾಣೆ–ಬೇಲಾಪುರ ರಸ್ತೆಯ ಪಶ್ಚಿಮಕ್ಕೆ ಈ ಮಾರುಕಟ್ಟೆ, ಪೂರ್ವಕ್ಕೆ ರಾಜ್ಯದ ಕೈಗಾರಿಕಾ ನಿಗಮ ಎಂಐಡಿಸಿ ಪ್ರದೇಶದ ಕಾರ್ಖಾನೆಗಳು. ಎರಡಕ್ಕೂ ಬೇಕಾದ ಹಮಾಲರು, ಕೂಲಿಗಳು ತುರ್ಭೆ ಸ್ಟೋರ್, ಇಂದಿರಾನಗರದ ಝೋಪಡಪಟ್ಟಿಗಳಲ್ಲಿ ನೆಲೆ ಕಂಡುಕೊಂಡರು. ಗೋದಾಮಿಗೆ ಸೆಕ್ಟರ್ ನಂಬರ್ ಇದೆ. ಅದರಲ್ಲಿ ಮೂಟೆ ಹೊರುವವನ ಮನೆಗೆ ಇಲ್ಲ.

2011ರ ಜನಗಣತಿಯಂತೆ ನವಿ ಮುಂಬಯಿ ಪಾಲಿಕೆಯಲ್ಲಿ 11,20,547 ಜನ. ಅತ್ತ ಮುಂಬಯಿಯೂ 1971ರ 59.7 ಲಕ್ಷದಿಂದ 1.24 ಕೋಟಿಗೆ ಏರಿತ್ತು. ಹೊಸ ಪಟ್ಟಣ ಹಳೆಯದರ ಹೊರೆ ಇಳಿಸಲಿಲ್ಲ, ಬೆಳವಣಿಗೆಯಲ್ಲಿ ಪಾಲು ಪಡೆಯಿತು.

ಈಗ ನವಿ ಮುಂಬಯಿ ವಿಮಾನ ನಿಲ್ದಾಣದ ಸುತ್ತಲಿನ 'ನೈನಾ' ಪ್ರದೇಶದ ಯೋಜನೆಯೂ ಸಿಡ್ಕೊ ಕೈಯಲ್ಲೇ ಇದೆ. ಅಲ್ಲಿನ ನಕ್ಷೆ ಮುಂದಿಟ್ಟಾಗ ಮೂರು ಅಂಕಿ ಕೇಳಿ ಪಡೆಯಿರಿ: ಎಕರೆಗೆ ರೈತನಿಗೆ ಉಳಿಯುವ ಗುಂಟೆ ಎಷ್ಟು, ಕೂಲಿಯವರ ಮನೆಗೆ ಮೀಸಲಿಟ್ಟ ಎಕರೆ ಎಷ್ಟು, ರೈಲು ಬರುವ ವರ್ಷ ಯಾವುದು.