25 ಎಂಬಿಯಿಂದ ಮಂಗಳನ ಅಂಗಳದವರೆಗೆ

ಶಿರಹಟ್ಟಿಯ ಯಾವುದೋ ಮನೆಯಲ್ಲಿ ಹತ್ತು ವರ್ಷದ ಹಳೆಯ ಕಂಪ್ಯೂಟರ್ ಇದೆ ಅಂದುಕೊಳ್ಳಿ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಕನಿಷ್ಠ 64 ಜಿಬಿ ಜಾಗ ಬೇಕು. ವಿಂಡೋಸ್ ಬದಲಿಗೆ ಹಾಕಬಹುದಾದ, ಪುಕ್ಕಟೆ ಸಿಗುವ ಟೈನಿ ಕೋರ್ ಲಿನಕ್ಸ್ ಎಷ್ಟು ದೊಡ್ಡದು ಗೊತ್ತೇ? ಇಳಿಸಿಕೊಳ್ಳುವ ಕಡತ ಸುಮಾರು 25 ಎಂಬಿ! ಅದೇ 64 ಜಿಬಿಯಲ್ಲಿ ಇಂಥ 2,500 ಕಡತ ಹಿಡಿಸುತ್ತವೆ.

ಆದರೂ ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರಿಗೆ ನನ್ನ ಮತ ಲಿನಕ್ಸಿನದೇ ಇನ್ನೊಂದು ರೂಪವಾದ ಡೆಬಿಯನ್‌ಗೆ. ಅದನ್ನು ತುಂಬಿದ ಪೆನ್ ಡ್ರೈವ್ ಹಾಕಿ ಶುರು ಮಾಡಿದರೆ ಭಾಷೆಗಳ ಉದ್ದನೆಯ ಪಟ್ಟಿ ಬರುತ್ತದೆ. ಕೆಳಗೆ ಸರಿಸುತ್ತ ಹೋದರೆ ನಮ್ಮದೇ ಲಿಪಿಯಲ್ಲಿ ‘ಕನ್ನಡ’. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 69,830 ಪ್ಯಾಕೇಜುಗಳು, ಅಂದರೆ ತಂತ್ರಾಂಶದ ಕಟ್ಟುಗಳಿವೆ. ದಿನಕ್ಕೊಂದರಂತೆ ಹಾಕಿ ನೋಡುತ್ತೇನೆಂದು ಹೊರಟರೆ 191 ವರ್ಷ ಬೇಕು. ಅಷ್ಟರಲ್ಲಿ ಶಿರಹಟ್ಟಿಯ ಫಕೀರೇಶ್ವರ ಜಾತ್ರೆ 191 ಸಲ ನಡೆದಿರುತ್ತದೆ.

ಲಿನಕ್ಸಿನ ಹಾಗೆಯೇ, ಯುನಿಕ್ಸ್ ಎಂಬ ಹಳೆಯ ಕಾರ್ಯಾಚರಣಾ ವ್ಯವಸ್ಥೆಯ ವಂಶದ ಇನ್ನೊಂದು ಕವಲು ಫ್ರೀಬಿಎಸ್‌ಡಿ. ಹೆಸರು ಕೇಳಿದವರು ಕಡಿಮೆ, ಬಳಸಿದವರು ಕೋಟಿಗಟ್ಟಲೆ. ಸೋನಿಯ ಆಟದ ಯಂತ್ರ ಪ್ಲೇಸ್ಟೇಷನ್ 4 ಒಳಗಿರುವುದು ಅದರ ಸಂತಾನವೇ. ಮಾರಾಟವಾದದ್ದು 11.7 ಕೋಟಿ. 2011ರ ಜನಗಣತಿಯ ಕರ್ನಾಟಕದಲ್ಲಿ ತಲೆಗೊಂದು ಹಂಚಿದರೂ ಐದೂವರೆ ಕೋಟಿ ಉಳಿಯುತ್ತವೆ! ಆದರೆ ಹಳೆಯ ಲ್ಯಾಪ್‌ಟಾಪಿನ ವೈಫೈ ತಕರಾರಿಲ್ಲದೆ ನಡೆಯಬೇಕಾದರೆ ಲಿನಕ್ಸೇ ವಾಸಿ.

ಆ ಲಿನಕ್ಸಿನ ತಿರುಳಾದ ಕರ್ನಲ್ 1991ರಲ್ಲಿ ಹುಟ್ಟಿದಾಗ ಇದ್ದದ್ದು ಸುಮಾರು 10,000 ಸಾಲು ಕೋಡ್. ಪುಟಕ್ಕೆ 50 ಸಾಲಿನಂತೆ 200 ಪುಟ, ಒಂದು ಕಾದಂಬರಿಯಷ್ಟು. ಈಗ 4 ಕೋಟಿ ಸಾಲು ದಾಟಿದೆ. ಒಂದೇ ಮಗ್ಗುಲಿಗೆ ಮುದ್ರಿಸಿದರೆ 8 ಲಕ್ಷ ಹಾಳೆ. ತೂಕ ನಾಲ್ಕು ಟನ್, ಅಂದರೆ ಬಲಿತ ಗಂಡಾನೆ ಒಂದು. ಪೇರಿಸಿದರೆ 80 ಮೀಟರ್, 51 ಮೀಟರಿನ ಗೋಳಗುಮ್ಮಟ ಕೆಳಗುಳಿಯುತ್ತದೆ. ಸಾಲಾಗಿ ಹಾಸಿದರೆ ಗದಗಿನಿಂದ ಹುಬ್ಬಳ್ಳಿಗೆ ಎರಡು ಸಲ ಹೋಗಿಬರುವಷ್ಟು ಉದ್ದ!

ಇಷ್ಟಕ್ಕೂ ಬೆಲೆ ಸೊನ್ನೆ. ಆ ಸೊನ್ನೆಯ ಬೆಲೆ ಎಷ್ಟೆಂದು ಕೇರಳ ಲೆಕ್ಕ ಹಾಕಿದೆ. ಅಲ್ಲಿನ ಶಾಲೆಗಳಿಗೆ ತಂತ್ರಜ್ಞಾನ ಒದಗಿಸುವ ‘ಕೈಟ್’ ಸಂಸ್ಥೆ ಲಿನಕ್ಸನ್ನೇ ಹಾಕುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದೂ ಅದರ ಮೇಲೆಯೇ. 2019ರಲ್ಲಿ ಕೈಟ್ ಹೇಳಿದ ಅಂದಾಜು: 2 ಲಕ್ಷಕ್ಕೂ ಮಿಕ್ಕಿದ ಕಂಪ್ಯೂಟರುಗಳು, ಉಳಿತಾಯ 3,000 ಕೋಟಿ ರೂಪಾಯಿ. ಮಂಗಳಯಾನಕ್ಕೆ ತಗುಲಿದ್ದು 450 ಕೋಟಿ. ಆರು ಮಂಗಳಯಾನ ಕಳಿಸಿದರೂ 300 ಕೋಟಿ ಕೈಯಲ್ಲಿರುತ್ತದೆ!

ಶಾಲೆಯಲ್ಲಷ್ಟೇ ಅಲ್ಲ, 2017ರ ನವೆಂಬರ್‌ನಿಂದೀಚೆಗಿನ ಪಟ್ಟಿಗಳಲ್ಲೆಲ್ಲ ಜಗತ್ತಿನ ಅತಿವೇಗದ 500 ಸೂಪರ್ ಕಂಪ್ಯೂಟರುಗಳಲ್ಲಿ 500ರಲ್ಲೂ ಲಿನಕ್ಸ್. 2024ರಲ್ಲಿ ಮೊದಲ ಸ್ಥಾನಕ್ಕೇರಿದ ಅಮೆರಿಕದ ಎಲ್ ಕ್ಯಾಪಿಟನ್ ಸೆಕೆಂಡಿಗೆ ಮಾಡುವ ಲೆಕ್ಕಗಳನ್ನು ಬರೆಯಲು ಒಂದರ ಮುಂದೆ 18 ಸೊನ್ನೆ ಇಟ್ಟರೂ ಸಾಲದು. ಭೂಮಿಯ 800 ಕೋಟಿ ಜನ ಊಟ, ನಿದ್ದೆ ಬಿಟ್ಟು ಸೆಕೆಂಡಿಗೊಂದು ಲೆಕ್ಕ ಮಾಡುತ್ತ ಕೂತರೆ ಅದರ ಒಂದೇ ಸೆಕೆಂಡಿನ ಕೆಲಸಕ್ಕೆ ಏಳು ವರ್ಷ ಹಿಡಿದೀತು.

ಭೂಮಿ ಸಾಲದಾದರೆ ಮಂಗಳ. 2021ರ ಏಪ್ರಿಲ್ 19ರಂದು ಅಲ್ಲಿ ಮೇಲೇರಿದ ಇಂಜೆನ್ಯುಯಿಟಿ ಹೆಲಿಕಾಪ್ಟರಿನಲ್ಲೂ ಲಿನಕ್ಸ್. ಆಗ ಅದು ನಮ್ಮಿಂದ 27 ಕೋಟಿ ಕಿ.ಮೀ.ಗೂ ಆಚೆ, ಭೂಮಿಯನ್ನು 6,700 ಸಲ ಸುತ್ತಿದಷ್ಟು ದೂರ. ಹೆಚ್ಚೆಂದರೆ ಐದು ಹಾರಾಟಕ್ಕೆಂದು ಕಳಿಸಿದ್ದ 1.8 ಕಿಲೋದ ಆ ಯಂತ್ರ ಹಾರಿದ್ದು 72 ಸಲ!